ಹಾಲಿನ ರಾಸುಗಳಲ್ಲಿ ಶಾಖದ ಒತ್ತಡ: ಲಕ್ಷಣಗಳನ್ನು ಅಳೆಯುವ ಕ್ರಮ

ಬೇಸಿಗೆಯ ಬಾಧೆ ಹಸುವಿಗೆ ತಟ್ಟಿದೆ ಎಂಬುದು ಬಹುಪಾಲು ರೈತರಿಗೆ ತಿಳಿಯುವುದು ಹಾಲಿನ ಕ್ಯಾನಿನಿಂದ. ನಿನ್ನೆಗಿಂತ ಇಂದು ಒಂದು ಲೀಟರ್ ಕಡಿಮೆ ಬಂದಿತು, ಜಿಡ್ಡಿನಂಶವೂ ಇಳಿಯಿತು ಎಂದಾಗ ಕಾರಣ ಹುಡುಕಲು ಆರಂಭಿಸುತ್ತೇವೆ. ಆದರೆ ಹಾಲಿನ ಇಳಿಕೆ ತಡವಾಗಿ ಕಾಣುವ ಲಕ್ಷಣ. ತೀವ್ರ ಶಾಖದ ದಿನಕ್ಕೂ ಅದರಿಂದಾಗುವ ಹಾಲಿನ ಕುಸಿತಕ್ಕೂ ನಡುವೆ ಸಾಮಾನ್ಯವಾಗಿ ಒಂದರಿಂದ ಎರಡು ದಿನಗಳ ಅಂತರವಿರುತ್ತದೆ. ಅಷ್ಟರಲ್ಲಿ ರಾಸು ಮೇವು ಬಿಟ್ಟಿರುತ್ತದೆ, ಮೆಲುಕು ಹಾಕುವುದು ಕಡಿಮೆಯಾಗಿರುತ್ತದೆ, ಬೆದೆಗೆ ಬಂದಿದ್ದರೆ ಆ ಬಾರಿಯ ಗರ್ಭಧಾರಣೆಯೂ ಕೈತಪ್ಪಿರಬಹುದು.

ಇದಕ್ಕಿಂತ ಬಹಳ ಮೊದಲು, ಕೆಲವೇ ಗಂಟೆಗಳೊಳಗೆ ಬದಲಾಗುವುದು ಉಸಿರು. ಅದನ್ನು ಎಣಿಸಲು ಹಣ ಬೇಕಿಲ್ಲ, ಗಡಿಯಾರವೊಂದಿದ್ದರೆ ಸಾಕು. ಉಸಿರಾಟ, ಏದುಸಿರಿನ ಅಂಕ, ಮೈತಾಪ ಮತ್ತು ಕೊಟ್ಟಿಗೆಯ ಹವೆ, ಈ ನಾಲ್ಕನ್ನು ಅಳೆಯುವ ವಿಧಾನವನ್ನೂ ಅಳತೆಯನ್ನು ಅರ್ಥೈಸುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ. ನಾಲ್ಕರಲ್ಲಿ ಒಂದನ್ನಷ್ಟೇ ಮಾಡಲು ನಿಮಗೆ ಬಿಡುವಿದ್ದರೆ ಉಸಿರನ್ನು ಎಣಿಸಿ. ಅದರಲ್ಲೂ ನಸುಕಿನ ಎಣಿಕೆಯನ್ನು ಬಿಡಬೇಡಿ.

ಉಸಿರು ಏಕೆ ಹೆಚ್ಚುತ್ತದೆ?

ಹಸು ತನ್ನೊಳಗೇ ಶಾಖವನ್ನು ಉತ್ಪಾದಿಸುವ ಪ್ರಾಣಿ. ಮೆಲುಕು ಚೀಲದಲ್ಲಿ ಮೇವು ಹುದುಗುವಾಗಲೂ ಕೆಚ್ಚಲಿನಲ್ಲಿ ಹಾಲು ತಯಾರಾಗುವಾಗಲೂ ಶಾಖ ಹುಟ್ಟುತ್ತದೆ. ಆದುದರಿಂದ ಹೆಚ್ಚು ಹಾಲು ಕೊಡುವ ರಾಸುವಿಗೆ ಬೇಸಿಗೆಯ ಹೊರೆಯೂ ಹೆಚ್ಚು. ಹೊರಗಿನ ಗಾಳಿ ತಂಪಾಗಿರುವವರೆಗೆ ಈ ಶಾಖ ಚರ್ಮದ ಮೂಲಕ ತಾನಾಗಿಯೇ ಹೊರಹೋಗುತ್ತದೆ. ಗಾಳಿಯ ತಾಪ ಮೈತಾಪದ ಸಮೀಪಕ್ಕೆ ಬಂದಾಗ ಆ ದಾರಿ ಮುಚ್ಚಿ, ಬೆವರು ಮತ್ತು ಉಸಿರಿನ ಮೂಲಕ ನೀರನ್ನು ಆವಿಯಾಗಿಸುವುದೊಂದೇ ಉಳಿಯುತ್ತದೆ. ಮನುಷ್ಯರಂತೆ ಧಾರಾಳವಾಗಿ ಬೆವರುವ ಶಕ್ತಿ ಹಸುವಿಗಿಲ್ಲ. ಎಮ್ಮೆಗೆ ಬೆವರು ಗ್ರಂಥಿಗಳು ಇನ್ನೂ ಕಡಿಮೆ, ಮೇಲಾಗಿ ಚರ್ಮ ಕಪ್ಪು. ಹೀಗಾಗಿ ಉಸಿರಿನ ವೇಗವೇ ಹೊರೆಯ ಮೊದಲ ಸೂಚಕವಾಗುತ್ತದೆ.

ಹಳ್ಳಿಕಾರ್, ಅಮೃತಮಹಲ್, ದೇವಣಿ, ಕೃಷ್ಣಾ ಕಣಿವೆ, ಮಲೆನಾಡು ಗಿಡ್ಡ ಮೊದಲಾದ ನಮ್ಮ ತಳಿಗಳು ಅದೇ ಬಿಸಿಲಿನಲ್ಲಿ ಹೋಲ್‌ಸ್ಟೀನ್ ಮಿಶ್ರತಳಿಗಿಂತ ನಿಧಾನವಾಗಿ ಉಸಿರಾಡುವುದನ್ನು ನೀವು ಗಮನಿಸಿರಬಹುದು. ಮುಂದೆ ಕೊಡುವ ಅಂಕಿಗಳು ಮುಖ್ಯವಾಗಿ ಮಿಶ್ರತಳಿ ಹಸುಗಳಿಗೆ ಅನ್ವಯಿಸುತ್ತವೆ. ನಾಟಿ ರಾಸು ಇದೇ ಅಂಕಿಗಳನ್ನು ಮುಟ್ಟಿದರೆ ವಿಷಯ ಇನ್ನೂ ಗಂಭೀರವೆಂದು ತಿಳಿಯಬೇಕು.

ಉಸಿರನ್ನು ಎಣಿಸುವುದು

ರಾಸುವಿನಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ, ಪಕ್ಕಕ್ಕೆ ಸ್ವಲ್ಪ ಹಿಂದೆ ನಿಲ್ಲಿ. ಮೈಮುಟ್ಟಬೇಡಿ, ಹಗ್ಗ ಎಳೆಯಬೇಡಿ. ಕೊನೆಯ ಪಕ್ಕೆಲುಬಿಗೂ ತೊಡೆಗೂ ನಡುವೆ ಇರುವ ಹೊಟ್ಟೆಯ ಕುಳಿಯನ್ನು ನೋಡಿ. ಅದು ಒಮ್ಮೆ ಉಬ್ಬಿ ಒಮ್ಮೆ ತಗ್ಗಿದರೆ ಒಂದು ಉಸಿರು. ಉಬ್ಬಿದ್ದನ್ನು ಒಂದು, ತಗ್ಗಿದ್ದನ್ನು ಇನ್ನೊಂದು ಎಂದು ಎಣಿಸುವುದು ಹೊಸಬರಲ್ಲಿ ಕಾಣುವ ಸಾಮಾನ್ಯ ತಪ್ಪು. ಇದರಿಂದ ಅಂಕಿ ನೇರವಾಗಿ ಇಮ್ಮಡಿಯಾಗುತ್ತದೆ.

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿಯಿದೆ. ಅದರಲ್ಲಿ ಒಂದು ಉಸಿರು ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ಅದಕ್ಕಿಂತ 20 ಉಸಿರುಗಳಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ನೋಡುವುದು ಮೇಲು. 1200ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಮಿಷದ ಉಸಿರಾಟ ದೊರೆಯುತ್ತದೆ. ಲೆಕ್ಕ ಬೇಡವೆನ್ನುವವರು ಇಷ್ಟನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು: 20 ಉಸಿರಿಗೆ 30 ಸೆಕೆಂಡು ಹಿಡಿದರೆ ನಿಮಿಷಕ್ಕೆ 40, 20 ಸೆಕೆಂಡಾದರೆ 60, 15 ಸೆಕೆಂಡಾದರೆ 80, 10 ಸೆಕೆಂಡಾದರೆ 120.

ನೆರಳಿನಲ್ಲಿ ವಿಶ್ರಾಂತಿಯಲ್ಲಿರುವ ಮಿಶ್ರತಳಿ ಹಸು ನಿಮಿಷಕ್ಕೆ 40ರ ಒಳಗೆ ಉಸಿರಾಡುತ್ತಿದ್ದರೆ ಆತಂಕವಿಲ್ಲ. 40ರಿಂದ 60 ಅಲ್ಪ ಒತ್ತಡ. 60ರಿಂದ 80 ಮಧ್ಯಮ. 80ರಿಂದ 120 ಹೆಚ್ಚಿನ ಒತ್ತಡ. 150ನ್ನು ದಾಟಿದರೆ ರಾಸು ಅಪಾಯದಲ್ಲಿದೆ. ಮೇಯಲು ಹೋಗಿ ಬಂದ ರಾಸುವನ್ನು ಕಟ್ಟಿದ ಕೂಡಲೇ ಎಣಿಸಬಾರದು, ಇಪ್ಪತ್ತು ನಿಮಿಷವಾದರೂ ನಿಲ್ಲಲಿ. ಮಲಗಿರುವಾಗಿನ ಎಣಿಕೆಯನ್ನು ನಿಂತಿರುವಾಗಿನ ಎಣಿಕೆಯೊಡನೆ ಹೋಲಿಸುವುದೂ ಸರಿಯಲ್ಲ. ಯಾವ ಭಂಗಿಯಲ್ಲಿತ್ತು ಎಂಬುದನ್ನು ಬರೆದುಕೊಳ್ಳಿ.

ಎಣಿಸಬೇಕಾದ ಹೊತ್ತು ಎರಡು. ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಗಂಟೆಯೊಳಗೆ ಒಮ್ಮೆ, ನಸುಕಿನಲ್ಲಿ ಹಾಲು ಕರೆಯುವ ಮೊದಲು ಇನ್ನೊಮ್ಮೆ. ಮಧ್ಯಾಹ್ನದ ಎಣಿಕೆ ಆ ದಿನದ ಬಿಸಿಲನ್ನು ಹೇಳುತ್ತದೆ, ಆದರೆ ರಾಸು ಹಗಲಿನಲ್ಲಿ ಕೂಡಿಟ್ಟ ಶಾಖವನ್ನು ರಾತ್ರಿ ಹೊರಹಾಕಿತೇ ಇಲ್ಲವೇ ಎಂಬುದನ್ನು ನಸುಕಿನ ಎಣಿಕೆ ಮಾತ್ರ ಹೇಳಬಲ್ಲದು. ಮಧ್ಯಾಹ್ನ 90ಕ್ಕೆ ಏರಿ ನಸುಕಿಗೆ 30ಕ್ಕೆ ಇಳಿಯುವ ಹಸು ಹೇಗೋ ಸುಧಾರಿಸಿಕೊಳ್ಳುತ್ತದೆ. ಮಧ್ಯಾಹ್ನ 75, ನಸುಕಿನಲ್ಲಿ 55 ಇರುವ ಹಸುವಿನ ಬಗ್ಗೆ ಹೆಚ್ಚು ಕಾಳಜಿ ವಹಿಸಬೇಕು, ಏಕೆಂದರೆ ಅದು ಸಾಲದೊಂದಿಗೇ ಮರುದಿನವನ್ನು ಆರಂಭಿಸುತ್ತಿದೆ. ಇಂತಹ ಮೂರು ರಾತ್ರಿಗಳು ಒಂದರ ಹಿಂದೆ ಒಂದು ಬಂದರೆ ಹಾಲಿನಲ್ಲಿ ಅದು ಕಾಣದೆ ಇರದು. ಕಾಂಕ್ರೀಟ್ ಗೋಡೆಗಳ ನಡುವೆ ಗಾಳಿಯಾಡದ ಕೊಟ್ಟಿಗೆಗಳಲ್ಲಿ, ಕಳ್ಳರ ಭಯದಿಂದ ರಾತ್ರಿ ಬಾಗಿಲು ಕಿಟಕಿ ಮುಚ್ಚುವ ಕಡೆಗಳಲ್ಲಿ ಈ ಸ್ಥಿತಿ ಕಾಣುತ್ತದೆ. ಮಾಲೀಕರು ದೂರುವುದು ಮಾತ್ರ ಹಗಲಿನ ಬಿಸಿಲನ್ನು.

ಎಲ್ಲ ರಾಸುಗಳನ್ನೂ ದಿನವೂ ಎಣಿಸಬೇಕಾಗಿಲ್ಲ. ಹೆಚ್ಚು ಹಾಲು ಕೊಡುವ ಒಂದು ಹಸು, ಹಾಲು ಬತ್ತಿಸಿದ ತುಂಬು ಗಬ್ಬದ ಒಂದು ಹಸು, ಜೊತೆಗೆ ಒಂದು ನಾಟಿ ರಾಸು ಅಥವಾ ಪಡ್ಡೆ, ಹೀಗೆ ಮೂರನ್ನು ಆಯ್ದುಕೊಂಡು ಬೇಸಿಗೆಯುದ್ದಕ್ಕೂ ಅವನ್ನೇ ಎಣಿಸಿ. ಹಾಲು ಕೊಡುತ್ತಿಲ್ಲವೆಂದು ಗಬ್ಬದ ಹಸುವನ್ನು ಕಾದ ತಗಡಿನ ಮಾಡಿನ ಕೆಳಗೆ ಕಟ್ಟುವ ಪದ್ಧತಿ ನಷ್ಟದ್ದು. ಕೊನೆಯ ಎರಡು ತಿಂಗಳಲ್ಲಿ ಶಾಖದಿಂದ ಬಳಲಿದ ಹಸು ಕರು ಹಾಕಿದ ನಂತರದ ಸೂಲಿನಲ್ಲಿ ಕಡಿಮೆ ಹಾಲು ಕೊಡುತ್ತದೆ, ಕರುವಿನ ತೂಕವೂ ಕಡಿಮೆಯಿರುತ್ತದೆ.

ಏದುಸಿರಿನ ಅಂಕ

ಉಸಿರು ಬಹಳ ವೇಗವಾದಾಗ ಎಣಿಸುವುದು ಕಷ್ಟ. ಆಗ ಬಾಯಿ, ಜೊಲ್ಲು ಮತ್ತು ಕತ್ತನ್ನು ನೋಡಿ ಅಂಕ ಕೊಡುವ ಪದ್ಧತಿ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ.

0 – ಸಹಜ ಉಸಿರಾಟ, ಎದೆಯ ಚಲನೆ ಕಷ್ಟದಿಂದ ಕಾಣುತ್ತದೆ.
1 – ಬಾಯಿ ಮುಚ್ಚಿದೆ, ಜೊಲ್ಲಿಲ್ಲ, ಎದೆಯ ಚಲನೆ ದೂರದಿಂದಲೇ ಕಾಣುತ್ತದೆ.
2 – ಉಸಿರು ವೇಗವಾಗಿದೆ, ಜೊಲ್ಲು ಇಳಿಯುತ್ತಿದೆ, ಬಾಯಿ ಇನ್ನೂ ಮುಚ್ಚಿದೆ.
3 – ಬಾಯಿ ತೆರೆದಿದೆ, ಜೊಲ್ಲು ವಿಪರೀತ, ಕತ್ತು ಮುಂದಕ್ಕೆ ಚಾಚಿ ತಲೆ ಮೇಲೆತ್ತಿದೆ.
4 – ಬಾಯಿ ತೆರೆದು ನಾಲಗೆ ಪೂರ್ತಿ ಹೊರಚಾಚಿ ಬಹಳ ಹೊತ್ತು ಹಾಗೆಯೇ ಇದೆ.

ಇದರ ಮೇಲೆ ಇನ್ನೊಂದು ಹಂತವಿದೆ, ಅದನ್ನು 4.5 ಎಂದು ಗುರುತಿಸುತ್ತಾರೆ. ರಾಸು ತಲೆ ಕೆಳಗೆ ಹಾಕುತ್ತದೆ, ಹೊಟ್ಟೆಯ ಪಕ್ಕದಿಂದ ಎಳೆದೆಳೆದು ಉಸಿರಾಡುತ್ತದೆ, ಜೊಲ್ಲು ನಿಲ್ಲಬಹುದು, ಉಸಿರಿನ ಸಂಖ್ಯೆಯೂ ಇಳಿಯಬಹುದು. ಈ ಇಳಿಕೆಯನ್ನು ಸುಧಾರಣೆಯೆಂದು ತಪ್ಪಾಗಿ ತಿಳಿದು ಸುಮ್ಮನಾದರೆ ರಾಸು ಉಳಿಯುವುದು ಕಷ್ಟ. ಸಂಖ್ಯೆ ಇಳಿದಾಗ ತಲೆ ಎತ್ತಿದೆಯೇ, ಕಿವಿ ಆಡುತ್ತಿದೆಯೇ, ಕರೆದರೆ ತಿರುಗಿ ನೋಡುತ್ತದೆಯೇ ಎಂದು ಪರೀಕ್ಷಿಸಿ. ನಿಜವಾಗಿ ಸುಧಾರಿಸಿದ ರಾಸು ನೀರಿನ ಬಳಿಗೆ ಹೋಗುತ್ತದೆ ಅಥವಾ ಮೆಲುಕು ಹಾಕಲು ಆರಂಭಿಸುತ್ತದೆ.

ಎರಡನೆಯ ಅಂಕದಲ್ಲಿಯೇ ಜೊಲ್ಲಿಗೆ ಮಹತ್ವ ಕೊಡಬೇಕು. ಜೊಲ್ಲಿನಲ್ಲಿರುವ ಸೋಡಾದ ಅಂಶ ಮೆಲುಕು ಚೀಲದ ಹುಳಿಯನ್ನು ತಗ್ಗಿಸುವಂಥದ್ದು. ಅದು ನೆಲಕ್ಕೆ ಸುರಿದುಹೋದರೆ ಹೊಟ್ಟೆ ಹುಳಿಯಾಗುತ್ತದೆ, ಮೇವು ಸೇರದು, ಹಾಲಿನ ಜಿಡ್ಡು ಇಳಿಯುತ್ತದೆ. ಇಂತಹ ದಿನಗಳಲ್ಲಿ ಒಣಮೇವನ್ನು ಪೂರ್ತಿ ತಪ್ಪಿಸಿ ಹಿಂಡಿಯನ್ನೇ ಹೆಚ್ಚಿಸುವುದು ತೊಂದರೆಯನ್ನು ಬೆಳೆಸುತ್ತದೆ.

ಮೈತಾಪ

ಮೈತಾಪವನ್ನು ಗುದದ್ವಾರದಲ್ಲಿ ಅಳೆಯಬೇಕು. ಔಷಧಿ ಅಂಗಡಿಯಲ್ಲಿ ದೊರೆಯುವ ಡಿಜಿಟಲ್ ಥರ್ಮಾಮೀಟರ್ ಸಾಕು. ಹಿಡಿಗೆ ದಾರ ಕಟ್ಟಿ, ದಾರದ ತುದಿಯ ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸಿ. ತುದಿಗೆ ಸ್ವಲ್ಪ ಎಣ್ಣೆ ಸವರಿ ಒಳಗಿಟ್ಟು, ಒಂದು ಪಕ್ಕಕ್ಕೆ ಓರೆ ಮಾಡಿ ಒಳಗೋಡೆಗೆ ತಾಗುವಂತೆ ಹಿಡಿಯಬೇಕು. ಸಗಣಿಯ ನಡುವೆ ನಿಂತರೆ ಅಥವಾ ಆಗಷ್ಟೇ ಸಗಣಿ ಹಾಕಿ ಒಳಗೆ ಗಾಳಿ ಸೇರಿದ್ದರೆ ಅಳತೆ ಕಡಿಮೆ ತೋರಿಸುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಒದೆಯುವ ರಾಸುವಾದರೆ ಇನ್ನೊಬ್ಬರ ನೆರವು ಪಡೆಯಿರಿ.

ಆರೋಗ್ಯವಂತ ಹಸುವಿನ ಮೈತಾಪ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಎಮ್ಮೆಯಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಡಿಗ್ರಿ ಕಡಿಮೆ. 103 ದಾಟಿದರೆ ಮೇವು ತಿನ್ನುವುದೂ ಹಾಲೂ ಕುಗ್ಗುತ್ತವೆ. 104ಕ್ಕೆ ಏರಿ ನಿಂತರೆ ಗರ್ಭ ನಿಲ್ಲುವ ಸಂಭವ ಬಹಳ ಕಡಿಮೆಯಾಗುತ್ತದೆ. 106 ತುರ್ತು ಸ್ಥಿತಿ. ಮೈತಾಪ ಗಾಳಿಯ ತಾಪಕ್ಕಿಂತ ಕೆಲವು ಗಂಟೆ ತಡವಾಗಿ ಏರುವುದರಿಂದ, ಅದನ್ನು ಮಧ್ಯಾಹ್ನಕ್ಕಿಂತ ಸಂಜೆ ಐದು ಆರರ ಹೊತ್ತಿಗೆ ನೋಡಿದರೆ ನಿಜವಾದ ಏರಿಕೆ ಸಿಗುತ್ತದೆ. ಬಿಸಿಲಿಳಿಯಿತೆಂದು ಸಂಜೆ ಐದಕ್ಕೆ ಫ್ಯಾನ್ ನಿಲ್ಲಿಸುವವರು ಇದನ್ನು ಗಮನಿಸಬೇಕು.

ಕೊಟ್ಟಿಗೆಯ ಹವೆಯನ್ನು ಅಳೆಯುವುದು

ಬರಿಯ ತಾಪಮಾನ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರೂ ಉಸಿರೂ ಆವಿಯಾಗಲಾರವು. ಎರಡನ್ನೂ ಸೇರಿಸಿ ಹೇಳುವ ಅಳತೆಗೆ ತಾಪ-ಆರ್ದ್ರತೆ ಸೂಚ್ಯಂಕ ಎನ್ನುತ್ತಾರೆ. ಇದರ ಮೂಲ ದನಗಳದ್ದಲ್ಲ. 1959ರಲ್ಲಿ ಅಮೆರಿಕದ ಇ. ಸಿ. ಥಾಮ್ ಅವರು ಮನುಷ್ಯರಿಗಾಗುವ ಅಸೌಖ್ಯವನ್ನು ಅಳೆಯಲು ರೂಪಿಸಿದ ಸೂತ್ರ ಮುಂದೆ ಹಸುಗಳಿಗೂ ಅಳವಟ್ಟಿತು.

ಇದಕ್ಕೆ ಒಂದೇ ಬಗೆಯ ಎರಡು ಗೋಡೆ ಥರ್ಮಾಮೀಟರ್ ಬೇಕು. ಒಂದನ್ನು ಹಾಗೆಯೇ ತೂಗುಹಾಕಿ. ಇನ್ನೊಂದರ ಬುರುಡೆಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ಶುದ್ಧ ನೀರಿನ ಸೀಸೆಯಲ್ಲಿ ಇಳಿಬಿಡಿ. ಎರಡೂ ರಾಸುವಿನ ಎದೆಯ ಎತ್ತರದಲ್ಲಿ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಇರಲಿ. ಸೂತ್ರ ಹೀಗಿದೆ: ಎರಡರ ಸೆಲ್ಸಿಯಸ್ ಅಳತೆಗಳನ್ನು ಕೂಡಿಸಿ, 0.72ರಿಂದ ಗುಣಿಸಿ, 40.6 ಸೇರಿಸಿ. ದಿನವೂ ಗುಣಾಕಾರ ಮಾಡುವ ಅಗತ್ಯವಿಲ್ಲ, ಮೊತ್ತವನ್ನೇ ನೋಡಿದರೆ ಸಾಕು. ಮೊತ್ತ 44ಕ್ಕೆ ಬಂದರೆ ಸೂಚ್ಯಂಕ ಸುಮಾರು 72, ಅಂದರೆ ಒತ್ತಡದ ಆರಂಭ. 52ಕ್ಕೆ ಬಂದರೆ 78. 60ಕ್ಕೆ ಬಂದರೆ ಸುಮಾರು 84. 72 ಎಂಬ ಗಡಿ ಹಳೆಯದು. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ 68ರಿಂದಲೇ ಹಾಲು ಇಳಿಯುತ್ತದೆಂದು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಅಧ್ಯಯನಗಳು ತೋರಿಸಿವೆ. ಅಂತಹ ಹಸುವಿಗೆ ಮೊತ್ತ 38 ಆದಾಗಲೇ ಗಮನ ಬೇಕು.

ಕಲಬುರಗಿ ರಾಯಚೂರು ಕಡೆಯ ಒಣ ಮಧ್ಯಾಹ್ನದಲ್ಲಿ ಒಣ ಥರ್ಮಾಮೀಟರ್ 40, ಒದ್ದೆಯದು 23 ತೋರಿಸಿತೆನ್ನಿ. ಮೊತ್ತ 63, ಸೂಚ್ಯಂಕ 86. ಕರಾವಳಿಯ ಕೊಟ್ಟಿಗೆಯಲ್ಲಿ 33 ಮತ್ತು 29 ಇದ್ದರೆ ಮೊತ್ತ 62, ಸೂಚ್ಯಂಕ 85. ಏಳು ಡಿಗ್ರಿ ತಂಪಿದ್ದರೂ ಹಸುವಿಗೆ ಹೆಚ್ಚಿನ ವ್ಯತ್ಯಾಸವಿಲ್ಲ. ಮೊದಲ ಮಳೆ ಬಂದ ಮರುದಿನವೂ ಹೀಗೆಯೇ. ಹಿಂದಿನ ದಿನದ 39 ಮತ್ತು 22ರ ಬದಲು 34 ಮತ್ತು 27 ಆಗುತ್ತದೆ. ನಮಗೆ ಹಾಯೆನಿಸಿದರೂ ಮೊತ್ತ ಅದೇ 61. ಮಳೆ ಬಂದಿತೆಂದು ಆರೈಕೆಯನ್ನು ಸಡಿಲಿಸಬಾರದು.

ಆದರೂ ಸೂಚ್ಯಂಕ ಹವೆಯ ಅಳತೆಯೇ ಹೊರತು ರಾಸುವಿನ ಅಳತೆಯಲ್ಲ. ಕಾದ ತಗಡು ಅಥವಾ ಸಿಮೆಂಟ್ ಶೀಟಿನಿಂದ ಬೆನ್ನಿನ ಮೇಲೆ ಇಳಿಯುವ ಕಾವನ್ನಾಗಲಿ, ಗಾಳಿಯ ವೇಗವನ್ನಾಗಲಿ ಈ ಎರಡು ಥರ್ಮಾಮೀಟರುಗಳು ಪೂರ್ತಿಯಾಗಿ ಹಿಡಿಯಲಾರವು. ಅಕ್ಕಪಕ್ಕದ ಎರಡು ಕೊಟ್ಟಿಗೆಗಳಲ್ಲಿ ಮೊತ್ತ ಒಂದೇ ಇದ್ದು, ತಗ್ಗಾದ ತಗಡಿನ ಕೊಟ್ಟಿಗೆಯ ಹಸುಗಳು ಹೆಚ್ಚು ಏದುತ್ತಿದ್ದರೆ ತಪ್ಪು ಮಾಡಿನದು. ಹವೆಯ ಅಂಕಿಗೂ ಉಸಿರಿನ ಅಂಕಿಗೂ ಹೊಂದಾಣಿಕೆಯಾಗದಿದ್ದಾಗ ಉಸಿರನ್ನೇ ನಂಬಿ, ಕಾರಣವನ್ನು ಹುಡುಕಿ.

ಶಾಖವಲ್ಲದ ಏದುಸಿರು

ಬೇಸಿಗೆಯಲ್ಲಿ ಏದುವ ಪ್ರತಿ ರಾಸುವೂ ಶಾಖದಿಂದ ಏದುತ್ತಿಲ್ಲ. ಕೊಟ್ಟಿಗೆಯ ಹಲವು ರಾಸುಗಳಲ್ಲಿ ಒಂದೇ ಹೊತ್ತಿಗೆ ಉಸಿರು ಹೆಚ್ಚಿ ನಸುಕಿಗೆ ಇಳಿದರೆ ಅದು ಶಾಖ. ಒಂದು ರಾಸು ಮಾತ್ರ ಏದುತ್ತಿದ್ದು, ನಸುಕಿನಲ್ಲೂ ಮೈತಾಪ 103ಕ್ಕಿಂತ ಮೇಲೆಯೇ ಇದ್ದರೆ ರೋಗವನ್ನು ಶಂಕಿಸಬೇಕು. ಮಿಶ್ರತಳಿಗಳಲ್ಲಿ ಉಣ್ಣೆಗಳಿಂದ ಹರಡುವ ಥೈಲೇರಿಯಾ ರೋಗ ಇದೇ ಕಾಲದಲ್ಲಿ ಹೆಚ್ಚು. ಅದರಲ್ಲಿ ಭುಜದ ಮುಂದಿನ ಗ್ರಂಥಿ ಊದಿಕೊಳ್ಳುತ್ತದೆ, ಕಣ್ಣಿನ ಒಳಪೊರೆ ಬಿಳಿಚುತ್ತದೆ. ಬಿಸಿಲ ಝಳವೆಂದು ನೀರು ಸುರಿಯುತ್ತಾ ನಾಲ್ಕು ದಿನ ಕಳೆದರೆ ಚಿಕಿತ್ಸೆಯ ಸಮಯ ಮೀರಬಹುದು. ಕೆಂಪು ಮೂತ್ರ ಕಂಡರೂ ತಡಮಾಡಬಾರದು.

ಜೊಲ್ಲಿನ ಜೊತೆಗೆ ಕುಂಟುವಿಕೆ ಅಥವಾ ಬಾಯಿಯಲ್ಲಿ ಹುಣ್ಣಿದ್ದರೆ ಕಾಲುಬಾಯಿ ಜ್ವರವಿರಬಹುದು. ಜೊಲ್ಲು ಸುರಿಸುತ್ತಾ ವಿಚಿತ್ರವಾಗಿ ಕೂಗುವ, ನುಂಗಲಾರದ ರಾಸುವಿನ ಬಾಯಿಗೆ ಕೈ ಹಾಕಲೇಬಾರದು. ಹುಚ್ಚುನಾಯಿ ರೋಗದಲ್ಲೂ ಇದೇ ಲಕ್ಷಣವಿದೆ. ನೀರಿಲ್ಲದೆ ಬಾಡಿದ ಎಳೆಯ ಜೋಳದ ಬೆಳೆಯನ್ನೋ ಕೂಳೆಯನ್ನೋ ಮೇಯ್ದ ಸ್ವಲ್ಪ ಹೊತ್ತಿನಲ್ಲೇ ಏದುಸಿರು, ತೂರಾಟ ಕಂಡರೆ ಅದು ಸೈನೈಡ್ ವಿಷಬಾಧೆ. ಪಶುವೈದ್ಯರನ್ನು ಕರೆಯಲು ನಿಮಗಿರುವುದು ಕೆಲವೇ ನಿಮಿಷ.

ಅಳತೆಯನ್ನು ಬಳಸುವುದು

ಉಸಿರಿನ ಎಣಿಕೆಯ ದೊಡ್ಡ ಉಪಯೋಗವೆಂದರೆ ನೀವು ಮಾಡಿದ ಉಪಾಯ ಫಲಿಸಿತೇ ಎಂದು ಅದು ಅಂದೇ ತಿಳಿಸುತ್ತದೆ. ಮೈಮೇಲೆ ನೀರು ಹಾಕುವ ಮೊದಲು ಒಮ್ಮೆ, ಅರ್ಧ ಗಂಟೆಯ ನಂತರ ಇನ್ನೊಮ್ಮೆ ಎಣಿಸಿ. ಇಳಿದಿದ್ದರೆ ಸರಿ. ಇಳಿಯದಿದ್ದರೆ ನೀರು ಕೂದಲಿನ ಮೇಲಷ್ಟೇ ಕುಳಿತಿದೆ, ಇಲ್ಲವೇ ಗಾಳಿ ಸಾಲದು. ತೆಳುವಾದ ತುಂತುರು ಕೂದಲಿನ ಮೇಲೆ ನಿಂತು ಒಳಗಿನ ಶಾಖವನ್ನು ತಡೆಯುತ್ತದೆ. ಚರ್ಮದವರೆಗೆ ನೆನೆಯುವಂತೆ ನೀರು ಹಾಕಿ, ನಿಲ್ಲಿಸಿ, ಫ್ಯಾನಿನ ಗಾಳಿಯಲ್ಲಿ ಆರಲು ಬಿಟ್ಟು ಮತ್ತೆ ಹಾಕುವುದು ಸರಿಯಾದ ಕ್ರಮ. ಗಾಳಿಯಾಡದ ಕರಾವಳಿಯ ಕೊಟ್ಟಿಗೆಯಲ್ಲಿ ಫ್ಯಾನಿಲ್ಲದೆ ನೀರು ಚಿಮುಕಿಸಿದರೆ ಉಸಿರು ಇನ್ನೂ ಏರುವುದುಂಟು. ಕೆಚ್ಚಲಿನ ಮೇಲೆ ನೀರು ಹರಿದು ಮೊಲೆತೊಟ್ಟು ಒದ್ದೆಯಾಗದಂತೆ ನೋಡಿಕೊಳ್ಳಿ, ಕೆಚ್ಚಲು ಬಾವಿನ ಭಯವಿದೆ. ಎಮ್ಮೆಗೆ ಕೆರೆಯಲ್ಲಿ ಮೈ ಮುಳುಗಿಸಲು ಅವಕಾಶವಿದ್ದರೆ ಅದಕ್ಕಿಂತ ಉತ್ತಮ ಉಪಾಯವಿಲ್ಲ.

ಮಾಡಿಗೆ ಸುಣ್ಣ ಬಳಿಯುವುದು, ಮೇಲೆ ಹುಲ್ಲು ಅಥವಾ ತೆಂಗಿನ ಗರಿ ಹಾಸುವುದು, ಇವನ್ನೂ ಹೀಗೆಯೇ ಪರೀಕ್ಷಿಸಬಹುದು. ಬಳಿಯುವ ಮೊದಲಿನ ಮತ್ತು ನಂತರದ ದಿನಗಳಲ್ಲಿ ಎರಡು ಥರ್ಮಾಮೀಟರುಗಳ ಹೊರಗಿನ ಮೊತ್ತ ಸಮವಾಗಿರುವ ದಿನಗಳನ್ನು ಆಯ್ದು ಉಸಿರನ್ನು ಹೋಲಿಸಿ. ನಸುಕಿನ ಎಣಿಕೆ 40ರ ಕೆಳಗೆ ಬಾರದಿದ್ದರೆ ರಾತ್ರಿ ರಾಸುಗಳನ್ನು ಬಯಲಿನಲ್ಲಿ ಕಟ್ಟಿ ನೋಡಿ. ಮೇವಿನ ಹೆಚ್ಚಿನ ಪಾಲನ್ನು ಸಂಜೆ ತಂಪಾದ ಮೇಲೆ ಮತ್ತು ನಸುಕಿನಲ್ಲಿ ಕೊಡಿ. ನೀರು ಹಗಲು ರಾತ್ರಿ ಎಟಕುವಂತೆ, ನೆರಳಿನಲ್ಲಿರಲಿ.

ವಿಸ್ತರಣಾ ಕಾರ್ಯಕರ್ತರು ಹಲವು ಮನೆಗಳ ಅಂಕಿ ಸಂಗ್ರಹಿಸುವಾಗ ತಳಿ, ಸೂಲು, ದಿನದ ಹಾಲು, ಎಣಿಸಿದ ಹೊತ್ತು ಮತ್ತು ಮಾಡಿನ ಬಗೆಯನ್ನು ಬರೆಯದಿದ್ದರೆ ಆ ಅಂಕಿಗಳನ್ನು ಹೋಲಿಸಲಾಗದು. ಗರ್ಭಧಾರಣೆ ಮಾಡಿಸಿದ ದಿನದ ಮೈತಾಪವೂ ದಾಖಲೆಯಲ್ಲಿರಲಿ. ಮೇ ತಿಂಗಳಲ್ಲಿ ಮೂರು ಬಾರಿ ಗರ್ಭ ನಿಲ್ಲದ ಹಸುವನ್ನು ಬರಡೆಂದು ಮಾರುವ ಮೊದಲು ಆ ದಾಖಲೆಯನ್ನು ಪಶುವೈದ್ಯರಿಗೆ ತೋರಿಸಿ.

ಏದುಸಿರಿನ ಅಂಕ 4 ಆಗಿದ್ದರೆ ಅಥವಾ ಮೈತಾಪ 106 ಮುಟ್ಟಿದರೆ ರಾಸುವನ್ನು ನಡೆಸಬೇಡಿ. ಇದ್ದಲ್ಲಿಯೇ ನೆರಳು ಮಾಡಿ, ತಲೆ, ಕತ್ತು, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮೈತಾಪ ನೋಡಿ, 103ಕ್ಕೆ ಇಳಿದಾಗ ನೀರು ನಿಲ್ಲಿಸಿ. ಇದರ ಜೊತೆಯಲ್ಲೇ ಸಮೀಪದ ಪಶು ಚಿಕಿತ್ಸಾಲಯಕ್ಕೆ ಅಥವಾ 1962ಕ್ಕೆ ಕರೆ ಮಾಡಿ ಉಸಿರು ಎಷ್ಟು, ಮೈತಾಪ ಎಷ್ಟು, ಎಷ್ಟು ಗಂಟೆಗೆ ಅಳೆದಿರಿ, ಅಂದು ನಸುಕಿನಲ್ಲಿ ಎಷ್ಟಿತ್ತು ಎಂಬುದನ್ನು ತಿಳಿಸಿ.